ಒಲೆಯ ಲೆಕ್ಕ, ಬಸ್ಸಿನ ಲೆಕ್ಕ: ಇಂಗಾಲ ಮಾರುಕಟ್ಟೆಯ ಹಣ ಮತ್ತು ಬೆಂಗಳೂರು ಗ್ರಾಮಾಂತರದ ಗಾಳಿ

1. ಪ್ರಶ್ನೆ

ಕರ್ನಾಟಕದಲ್ಲಿ ಕಾರ್ಬನ್ ಕ್ರೆಡಿಟ್ ಕುರಿತ ಚರ್ಚೆ ಎಲ್ಲಿಂದ ಹೊರಟರೂ ಬಾಗೇಪಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿನ ಗೋಬರ್ ಗ್ಯಾಸ್ ಯೋಜನೆ ಕ್ಯೋಟೊ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ 2005ರಲ್ಲಿ ನೋಂದಣಿಯಾಯಿತು. ಗುರಿ 5,500 ಮನೆಗಳು. ಸೌದೆ, ಸೀಮೆಎಣ್ಣೆ ಬಿಟ್ಟ ಒಲೆಯಿಂದ ಎಷ್ಟು ಇಂಗಾಲ ಉಳಿಯಿತೋ ಅಷ್ಟಕ್ಕೆ ಕ್ರೆಡಿಟ್, ಕ್ರೆಡಿಟ್ಟಿಗೆ ಹಣ. ಜೊತೆಯಲ್ಲೇ ಅಡುಗೆಮನೆಯ ಹೊಗೆಯೂ ಹೋಯಿತು.

ಬಾಗೇಪಲ್ಲಿಯಿಂದ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ದೇವನಹಳ್ಳಿ. ಹೊಸಕೋಟೆಗೆ 75ನೇ ಹೆದ್ದಾರಿ, ನೆಲಮಂಗಲಕ್ಕೆ 48ನೆಯದು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುವ 948ಎ ವರ್ತುಲ ರಸ್ತೆ. ನಾಲ್ಕೇ ತಾಲ್ಲೂಕಿನ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹೆದ್ದಾರಿಗಳ ಜಿಲ್ಲೆ. ಒಲೆಗೆ ಒದಗಿದ ಹಣ ಇಲ್ಲಿ ಬಸ್ಸಿಗೂ ಒದಗಲಿ, ಕ್ರೆಡಿಟ್ ಮಾರಿ ಎಲೆಕ್ಟ್ರಿಕ್ ಬಸ್ ಓಡಿಸಿದರೆ ಗಾಳಿ ತಾನಾಗಿ ತಿಳಿಯಾಗುತ್ತದೆ ಎಂಬ ವಾದ ಈಗ ಹೆಚ್ಚು ಪ್ರಶ್ನೆಯಿಲ್ಲದೆ ಸಲ್ಲುತ್ತಿದೆ. ಪ್ರಸ್ತುತ ಲೇಖನದ ತಕರಾರು ಆ ‘ತಾನಾಗಿ’ ಎಂಬ ಮಾತಿನ ಬಗ್ಗೆ.

2. ಪೂರ್ವಪಕ್ಷ

ಮಾಲಿನ್ಯದ ಹಕ್ಕನ್ನು ಕೊಂಡು ಮಾರಬಹುದೆಂಬ ವಿಚಾರಕ್ಕೆ ಜೆ.ಎಚ್. ಡೇಲ್ಸ್ 1968ರಲ್ಲಿ ಸ್ಪಷ್ಟ ರೂಪ ಕೊಟ್ಟರು. 1972ರಲ್ಲಿ ಡೇವಿಡ್ ಮಾಂಟ್ಗೊಮರಿ, ಹೊಗೆ ಎಲ್ಲಿ ಇಳಿಯುತ್ತದೆ ಎಂಬುದು ಮುಖ್ಯವಾದಾಗ ಮಾರುಕಟ್ಟೆಯ ವಿನ್ಯಾಸವೇ ಬದಲಾಗಬೇಕೆಂದು ತೋರಿಸಿದರು. ಸಾರಿಗೆಯಲ್ಲಿ ಬೊಗೋಟಾದ ಟ್ರಾನ್ಸ್‌ಮಿಲೆನಿಯೊ ಬಸ್ ವ್ಯವಸ್ಥೆ 2006ರಲ್ಲಿ ಕ್ರೆಡಿಟ್ ಪಡೆಯಲು ನೋಂದಾಯಿಸಿಕೊಂಡಿತು. ದೆಹಲಿ ಮೆಟ್ರೊ ಅದೇ ದಾರಿ ಹಿಡಿಯಿತು. ಬ್ಯಾಂಕಾಕಿನ ಎಲೆಕ್ಟ್ರಿಕ್ ಬಸ್ಸುಗಳ ಇಂಗಾಲ ಉಳಿತಾಯವನ್ನು ಸ್ವಿಟ್ಜರ್ಲೆಂಡ್ ಪ್ಯಾರಿಸ್ ಒಪ್ಪಂದದಡಿ ಕೊಂಡಿತು.

ಇವೆಲ್ಲ ಕ್ರೆಡಿಟ್ ಮಾರಿದ ಹಣ. ಕ್ಯಾಲಿಫೋರ್ನಿಯಾದ್ದು ಬೇರೆ: ಅಲ್ಲಿ ಸರ್ಕಾರ ಪರವಾನಗಿಗಳನ್ನು ಹರಾಜು ಹಾಕುತ್ತದೆ, ಹಣ ಸರ್ಕಾರಕ್ಕೆ ಬರುತ್ತದೆ, ಅದರ ಕನಿಷ್ಠ ಕಾಲು ಭಾಗದ ಪ್ರಯೋಜನ ಹಿಂದುಳಿದ ಸಮುದಾಯಗಳಿಗೆ ತಲುಪಬೇಕೆಂದು 2012ರ ಕಾನೂನು ವಿಧಿಸಿತು. ಭಾರತದಲ್ಲಿ 2023ರ ಜೂನ್‌ನಲ್ಲಿ ಅಧಿಸೂಚನೆಯಾದ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯಲ್ಲಿ ಹರಾಜಿಲ್ಲ. ಉತ್ಪಾದನೆಯ ಪ್ರತಿ ಘಟಕಕ್ಕೆ ಇಷ್ಟು ಇಂಗಾಲ ಎಂಬ ಗುರಿಯನ್ನು ಮೀರಿ ಸಾಧಿಸಿದ ಕಾರ್ಖಾನೆಗೆ ಪ್ರಮಾಣಪತ್ರ, ಮಾರಿದ ಹಣವೂ ಅದಕ್ಕೇ. ಹಾಗಾಗಿ ‘ಇಂಗಾಲ ಮಾರುಕಟ್ಟೆಯ ಆದಾಯವನ್ನು ಸಾರಿಗೆಗೆ ತಿರುಗಿಸಿ’ ಎಂದು ನಾವು ಹೇಳಿದರೆ, ತಿರುಗಿಸಲು ಬೊಕ್ಕಸದಲ್ಲಿ ಅಂಥ ಆದಾಯವೇ ಇಲ್ಲ. ಉಳಿಯುವ ದಾರಿ ಬಸ್ಸೇ ಕ್ರೆಡಿಟ್ ಗಳಿಸುವುದು. ಗಳಿಸುತ್ತದೆಯೇ?

3. ಬಸ್ಸಿನ ಲೆಕ್ಕ

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್. ದೊಡ್ಡಬಳ್ಳಾಪುರಕ್ಕೆ ಓಡುವ ಸಾಮಾನ್ಯ ಬಸ್ಸು ಲೀಟರಿಗೆ 4 ಕಿ.ಮೀ. ಕೊಡುತ್ತದೆಂದು ಹಿಡಿದರೆ ಕಿ.ಮೀ.ಗೆ 0.67 ಕೆ.ಜಿ. ಅದೇ ಅಳತೆಯ ಎಲೆಕ್ಟ್ರಿಕ್ ಬಸ್ಸಿಗೆ ಕಿ.ಮೀ.ಗೆ 1ರಿಂದ 1.2 ಯೂನಿಟ್ ವಿದ್ಯುತ್ ಬೇಕೆನ್ನೋಣ. ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲ. ಗುಣಿಸಿದರೆ 0.70ರಿಂದ 0.84 ಕೆ.ಜಿ. ಉಳಿತಾಯ ಸೊನ್ನೆ, ಅಥವಾ ಸೊನ್ನೆಗಿಂತ ಕೆಳಗೆ.

ಈಗ ಎ.ಸಿ. ಬಸ್ಸು ತೆಗೆದುಕೊಳ್ಳೋಣ. ವಿಮಾನ ನಿಲ್ದಾಣಕ್ಕೆ ಓಡುವ ವಾಯು ವಜ್ರದಂಥ ಡೀಸೆಲ್ ಬಸ್ಸು ಲೀಟರಿಗೆ 2.5 ಕಿ.ಮೀ. ಕೊಟ್ಟರೆ ಕಿ.ಮೀ.ಗೆ 1.07 ಕೆ.ಜಿ.; ಎಲೆಕ್ಟ್ರಿಕ್ ಎ.ಸಿ. ಬಸ್ಸಿನದು 0.84. ಉಳಿತಾಯ 0.23. ವರ್ಷಕ್ಕೆ 60,000 ಕಿ.ಮೀ. ಓಡಿದರೆ 14 ಟನ್ನಿನ ಆಸುಪಾಸು. ಟನ್ನಿಗೆ 1,000 ರೂಪಾಯಿ ಎಂದು ಇಟ್ಟುಕೊಂಡರೂ ಕೋಟಿ ದಾಟುವ ಬಸ್ಸಿಗೆ ವರ್ಷಕ್ಕೆ ಬರುವುದು 14,000 ರೂಪಾಯಿ. ಅಂದರೆ ಇಂಗಾಲದ ಲೆಕ್ಕ ದೇವನಹಳ್ಳಿಯಲ್ಲಿ ವಿಮಾನ ಹತ್ತುವವರ ಬಸ್ಸಿಗೆ ಚಿಲ್ಲರೆ ಕೊಡುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಶಕ್ತಿ ಯೋಜನೆಯಡಿ ಹತ್ತುವ ಸಾಮಾನ್ಯ ಬಸ್ಸಿಗೆ ಅದನ್ನೂ ಕೊಡುವುದಿಲ್ಲ.

ಬಾಗೇಪಲ್ಲಿಯ ಹೋಲಿಕೆ ಮುರಿದು ಬೀಳುವುದು ಇಲ್ಲಿಯೇ. ಒಲೆಯಲ್ಲಿ ಇಂಗಾಲವೂ ಮಸಿಯೂ ಒಂದೇ ಬಾಯಿಂದ ಬರುತ್ತಿದ್ದವು. ಒಂದನ್ನು ಅಳೆದರೆ ಇನ್ನೊಂದಕ್ಕೂ ಬೆಲೆ ಕಟ್ಟಿದಂತಾಗುತ್ತಿತ್ತು. ಎಲೆಕ್ಟ್ರಿಕ್ ಬಸ್ಸು ಅವೆರಡನ್ನೂ ಬೇರ್ಪಡಿಸುತ್ತದೆ. ಸೈಲೆನ್ಸರಿನ ಮಸಿ ನೆಲಮಂಗಲದಲ್ಲಿ ಇಲ್ಲವಾಗುತ್ತದೆ. ಇಂಗಾಲ ದೂರದ ಉಷ್ಣ ಸ್ಥಾವರದ ಚಿಮಣಿಗೆ ವರ್ಗವಾಗುತ್ತದೆ. ಗಾಳಿಗೆ ಆದ ಲಾಭ ಕ್ರೆಡಿಟ್ಟಿನ ಪುಸ್ತಕದಲ್ಲಿ ಜಮೆಯಾಗುವುದೇ ಇಲ್ಲ.

4. ಆಕ್ಷೇಪಗಳು

ಈ ತೀರ್ಮಾನವನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದನ್ನು ನಾಲ್ಕು ಕಡೆಯಿಂದ ನೋಡಬೇಕು.

ಮೊದಲನೆಯದು, ಡೀಸೆಲ್ ಬಂಕಿಗೆ ಬರುವ ಮುಂಚೆಯೇ ರಿಫೈನರಿ, ಸಾಗಣೆಗಳಲ್ಲಿ ಇಂಗಾಲ ಹೊರಬಿದ್ದಿರುತ್ತದೆ. ಅದಕ್ಕೆ ಐದನೇ ಒಂದರಷ್ಟು ಸೇರಿಸಿದರೆ 0.67 ಎಂಬುದು 0.80 ಆಗುತ್ತದೆ. ಆದರೆ ಕಲ್ಲಿದ್ದಲಿನ ಗಣಿ, ತಂತಿಯಲ್ಲಿ ಸೋರುವ ವಿದ್ಯುತ್ತನ್ನೂ ಆಗ ಎಣಿಸಬೇಕು. ತಕ್ಕಡಿ ಹೆಚ್ಚು ವಾಲುವುದಿಲ್ಲ.

ಎರಡನೆಯದು ಗಟ್ಟಿಯಾದ ಆಕ್ಷೇಪ. ಪಾವಗಡದಲ್ಲೇ 2,050 ಮೆಗಾವಾಟ್ ಸೌರ ಪಾರ್ಕಿದೆ. ನಮ್ಮ ವಿದ್ಯುತ್ತಿಗೆ ದೇಶದ ಸರಾಸರಿ ಏಕೆ? ದಕ್ಷಿಣ ಗ್ರಿಡ್ 2013ರ ಕೊನೆಯ ದಿನ ರಾಷ್ಟ್ರೀಯ ಗ್ರಿಡ್‌ಗೆ ಜೋಡಣೆಯಾದ ಮೇಲೆ ಯಾವ ಯೂನಿಟ್ ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಆದರೂ ಹಗಲಲ್ಲೇ ಚಾರ್ಜ್ ಮಾಡುವ ಡಿಪೊಗೆ ಈ ಆಕ್ಷೇಪ ಸಲ್ಲುತ್ತದೆ, ಮತ್ತು ಗ್ರಿಡ್ ಹಸಿರಾದಂತೆ ನನ್ನ ಅಂಕಿ ಹಳತಾಗುತ್ತದೆ. ಇದು ಇಂದಿನ ಲೆಕ್ಕವೇ ಹೊರತು ಶಾಶ್ವತ ನಿಯಮವಲ್ಲ.

ಮೂರನೆಯದು, ಜನ ಬೈಕು ಬಿಟ್ಟು ಬಸ್ಸು ಹತ್ತಿದರೆ ಬರುವ ಉಳಿತಾಯ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಿಂದ ಕಿ.ಮೀ.ಗೆ 0.046 ಕೆ.ಜಿ.; 15 ಬೈಕು ಕಡಿಮೆಯಾದರೆ ಸುಮಾರು 0.69. ಆದರೆ ಅಷ್ಟು ಬೈಕು ಇಳಿಸಿದರೆ ಹೊಸ ಡೀಸೆಲ್ ಬಸ್ಸೂ ತನ್ನ ಇಂಗಾಲದ ಸಾಲ ತೀರಿಸಿಬಿಡುತ್ತದೆ. ಕ್ರೆಡಿಟ್ ಇಲ್ಲಿ ಸಲ್ಲಬೇಕಾದ್ದು ಬಸ್ಸಿನ ಮೋಟಾರಿಗಲ್ಲ, ಬಸ್ಸುಗಳ ಸಂಖ್ಯೆಗೆ, ಹೊತ್ತಿಗೆ ಸರಿಯಾಗಿ ಬರುವುದಕ್ಕೆ.

ನಾಲ್ಕನೆಯದು ನನ್ನ ವಾದಕ್ಕೇ ತಿರುಗುವ ಅಲಗು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಮಾನದಂಡದ ಡೀಸೆಲ್ ಬಸ್ಸು ಹಳೆಯದಕ್ಕಿಂತ ಎಷ್ಟೋ ಕಡಿಮೆ ಮಸಿ ಉಗುಳುತ್ತದೆ. ಹಾಗಾದರೆ ಗಾಳಿಯ ದೃಷ್ಟಿಯಿಂದ ಮೊದಲು ಬದಲಾಗಬೇಕಾದ್ದು ಬಸ್ಸಲ್ಲ, ಹಳೆಯ ಲಾರಿ ಇರಬಹುದು.

ಆದ್ದರಿಂದ ನನ್ನ ಪ್ರತಿಪಾದನೆಯನ್ನು ಹೀಗೆ ಕಿರಿದು ಮಾಡುತ್ತೇನೆ: ಇಂದಿನ ಗ್ರಿಡ್‌ನಲ್ಲಿ, ಎ.ಸಿ. ಇಲ್ಲದ ಡೀಸೆಲ್ ಬಸ್ಸಿನ ಜಾಗಕ್ಕೆ ಎಲೆಕ್ಟ್ರಿಕ್ ಬಸ್ಸು ತರುವ ಮಟ್ಟಿಗೆ, ಕಾರ್ಬನ್ ಕ್ರೆಡಿಟ್ ಶುದ್ಧ ಗಾಳಿಗೆ ಹಣ ಒದಗಿಸುವ ಸಾಧನವಾಗಲಾರದು.

5. ಹಣ ಎಲ್ಲಿಂದ, ಯಾರಿಗೆ

ಹಾಗೆಂದು ಇಂಗಾಲದ ಮೇಲೆ ಹಣ ಎತ್ತಿದ ಅನುಭವ ನಮಗಿಲ್ಲವೆಂದಲ್ಲ. 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿಯಂತೆ ಶುರುವಾದ ಸೆಸ್ 2016ರ ಹೊತ್ತಿಗೆ 400ಕ್ಕೇರಿತು. 2017–18ರವರೆಗೆ ಸಂಗ್ರಹವಾದದ್ದು ಸುಮಾರು 86,440 ಕೋಟಿ ರೂಪಾಯಿ. ಶುದ್ಧ ಇಂಧನ ನಿಧಿಗೆ ಹೋದದ್ದು 29,645 ಕೋಟಿ. ಯೋಜನೆಗಳಿಗೆ ಸಿಕ್ಕಿದ್ದು 15,911 ಕೋಟಿ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ರಾಜ್ಯಗಳ ನಷ್ಟ ಪರಿಹಾರದ ಸೆಸ್ಸಿನೊಳಗೆ ಸೇರಿಹೋಯಿತು. ಹಣ ಎತ್ತುವುದಕ್ಕಿಂತ ಅದನ್ನು ಹೆಸರಿಟ್ಟ ಕೆಲಸಕ್ಕೇ ಕಟ್ಟಿಹಾಕುವುದು ಕಷ್ಟ.

ಕಟ್ಟಿಹಾಕಿದರೂ ಸಾಲದು, ಗಡಿ ಎಲ್ಲಿ ಎಳೆಯುತ್ತೇವೆ ಎಂಬುದೂ ಮುಖ್ಯ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳನ್ನು ಎಣಿಸುತ್ತದೆ. ಕರ್ನಾಟಕದಿಂದ ಅದರಲ್ಲಿರುವುದು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ನಗರದ ಲಾರಿಗಳನ್ನು ಹೊರಗೆ ತಿರುಗಿಸಲೆಂದೇ ವರ್ತುಲ ರಸ್ತೆ. ಆ ರಸ್ತೆ ಹಾಯುವ ತಾಲ್ಲೂಕುಗಳು ನಗರಗಳ ಪಟ್ಟಿಯಲ್ಲಿಲ್ಲ. ಹೊಗೆ ಗಡಿ ದಾಟಿ ಬರುತ್ತದೆ, ಅನುದಾನ ಗಡಿಯಲ್ಲೇ ನಿಲ್ಲುತ್ತದೆ.

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆ ಬೆಳೆಗಾರರು ರಸ್ತೆಯ ಈ ಮಾಲಿನ್ಯವನ್ನು ಯಾವ ಮಾಪಕವೂ ಇಲ್ಲದೆ ಅಳೆಯುತ್ತಾರೆ. ರಸ್ತೆ ಬದಿಯ ಮೊದಲ ಸಾಲುಗಳ ಹಿಪ್ಪುನೇರಳೆ ಸೊಪ್ಪನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಬೆರಳಿಗೆ ದೂಳು ಹತ್ತಿದರೆ ಅದನ್ನು ಹುಳುವಿಗೆ ಹಾಕಲು ಮನಸ್ಸು ಬಾರದು. ಹಣ್ಣಾಗುವ ಹೊತ್ತಿಗೆ ಹುಳು ಕೆಟ್ಟರೆ ಗೂಡು ಕಟ್ಟಬೇಕಾದ ಚಂದ್ರಿಕೆ ಬರಿದಾಗುತ್ತದೆ.

ಮಸಿಗೇ ನೇರವಾಗಿ ಬೆಲೆ ಕಟ್ಟುವ ಮಾದರಿಯೂ ದೇಶದೊಳಗಿದೆ. ಸೂರತ್ತಿನಲ್ಲಿ 2019ರಲ್ಲಿ ಕಾರ್ಖಾನೆಗಳ ಚಿಮಣಿಯ ಕಣಗಳಿಗೆ ಮಾರುಕಟ್ಟೆ ತೆರೆದರು. ಅಧ್ಯಯನದಲ್ಲಿ ಹೊಗೆ ಶೇ. 20ರಿಂದ 30ರಷ್ಟು ಇಳಿದದ್ದು ಕಂಡುಬಂತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ಇಂಥದ್ದನ್ನು ನಡೆಸಿ, ಪರವಾನಗಿಯ ಒಂದು ಪಾಲನ್ನು ಹರಾಜು ಹಾಕಿ, ಬಂದ ಹಣವನ್ನು ಅದೇ ತಾಲ್ಲೂಕುಗಳ ಬಸ್ಸಿಗೂ ಹಳೆಯ ಲಾರಿ ಬದಲಿಸುವುದಕ್ಕೂ ಮೀಸಲಿಡಬಹುದು. ಇಲ್ಲಿ ಮಾರಾಟವಾಗುವ ವಸ್ತುವೂ ನಾವು ಕಡಿಮೆ ಮಾಡಬೇಕೆಂದಿರುವ ವಸ್ತುವೂ ಒಂದೇ.

6. ಸಮಾರೋಪ

ಇದು ಹಿಡಿದುಕೊಂಡ ಅಂಕಿಗಳ ಮೇಲೆ ನಿಂತ ಲೆಕ್ಕ. ಪ್ರತಿ ಮಾರ್ಗದ ಡೀಸೆಲ್ ಬಳಕೆ, ಚಾರ್ಜಿಂಗಿನ ಹೊತ್ತು, ಬೈಕು ಬಿಟ್ಟು ಬಂದವರ ಸಂಖ್ಯೆ ಸಿಕ್ಕಾಗ ಇದನ್ನು ತಿದ್ದಬೇಕು. ಚಲಿಸುವ ಲಾರಿಯನ್ನು ಕಣಗಳ ಮಾರುಕಟ್ಟೆಗೆ ಹೇಗೆ ತರುವುದೆಂಬ ಪ್ರಶ್ನೆಯೂ ತೆರೆದೇ ಇದೆ. ಸೂರತ್ತಿನದು ನೆಲಕ್ಕೆ ಊರಿದ ಚಿಮಣಿಗಳ ಅನುಭವ. ಆದರೆ ಒಲೆಯ ಲೆಕ್ಕವನ್ನು ಬಸ್ಸಿಗೆ ಹಾಗೆಯೇ ಎತ್ತಿ ಹಚ್ಚುವುದು ಸಲ್ಲದು. ಇಂಗಾಲಕ್ಕೆ ಇಂಗಾಲದ ಖಾತೆ, ಗಾಳಿಗೆ ಗಾಳಿಯ ಖಾತೆ ಬೇರೆಯಾಗಿಯೇ ಇರಬೇಕು.