ಗೋಡೆ ಪಾಲಿಕೆಯದು, ಚಿತ್ರ ಯಾರದು?

ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ನಾಯಕರ ಕಟೌಟುಗಳು ಕಟ್ಟಡದೆತ್ತರಕ್ಕೆ ನಿಲ್ಲುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಬೀದಿಗೆ ಚಿತ್ರಕಾರರ ಬರವಿರಲಿಲ್ಲ. ಬ್ಯಾನರು, ಅಂಗಡಿ ಬೋರ್ಡು, ಲಾರಿಯ ಹಿಂಬದಿ ಎಲ್ಲಕ್ಕೂ ಪೇಂಟರುಗಳಿದ್ದರು. ಅವರನ್ನು ಬೀದಿ ಕಲಾವಿದರೆಂದು ಯಾರೂ ಕರೆಯಲಿಲ್ಲ. ಮೂಲೆಯಲ್ಲೊಂದು ‘ಆರ್ಟ್ಸ್’ ಎಂಬ ಸಹಿ ಬಿದ್ದರೆ ಅದೇ ಹೆಚ್ಚು. ಆಮೇಲೆ ಫ್ಲೆಕ್ಸ್ ಬಂತು, ಕಸುಬು ಹೋಯಿತು. 2018ರಲ್ಲಿ ಹೈಕೋರ್ಟಿನ ಚಾಟಿಗೆ ಹೆದರಿ ಪಾಲಿಕೆ ಫ್ಲೆಕ್ಸುಗಳನ್ನು ಇಳಿಸಿತಾದರೂ ಕಳೆದ ಕೆಲಸ ಮರಳಲಿಲ್ಲ.

ಅಷ್ಟರಲ್ಲಿ ಗೋಡೆಗಳ ಕಥೆ ಬೇರೆ ದಾರಿ ಹಿಡಿದಿತ್ತು. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ 1981ರಿಂದಲೇ ಇದ್ದರೂ ಸಿನಿಮಾ ಪೋಸ್ಟರುಗಳು ನಿಂತಿರಲಿಲ್ಲ. 2009ರ ಸುಮಾರಿಗೆ ಪಾಲಿಕೆ ಒಂದು ಉಪಾಯ ಹೂಡಿತು: ಖಾಲಿ ಗೋಡೆಗೆ ಪೋಸ್ಟರ್ ಅಂಟುತ್ತದೆ, ಚಿತ್ರ ಬರೆಸಿಬಿಡೋಣ. ಬೋರ್ಡು ಬರೆಯುತ್ತಿದ್ದವರೇ ಬಂದು ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಹುಲಿಗಳನ್ನು ಬರೆದರು. ಕ್ಯಾಲೆಂಡರ್ ಕಲೆ ಎಂದು ಬಲ್ಲವರು ಮೂಗು ಮುರಿದರು. ಅರ್ಧ ನಿಜ. ಆದರೆ ಕುಂಚವನ್ನೇ ನಂಬಿದ್ದವರಿಗೆ ನಗರ ಕೂಲಿ ಕೊಟ್ಟು ಗೋಡೆ ಬಿಟ್ಟುಕೊಟ್ಟಿತ್ತು ಎಂಬುದನ್ನು ಈ ಟೀಕಾಕಾರರು ಮರೆತರು. 2010ರಿಂದ ‘ದಿ ಅಗ್ಲಿ ಇಂಡಿಯನ್’ ಎಂಬ ಅನಾಮಧೇಯರ ಗುಂಪು ಕಸದ ಮೂಲೆಗಳನ್ನು ಗುಡಿಸಿ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಬಣ್ಣ ಬಳಿಯತೊಡಗಿತು. ಮುಂದೆ ಮೇಲ್ಸೇತುವೆಯ ಕಂಬಗಳಿಗೂ ತ್ರಿಕೋನಗಳು ಬಂದವು. ಇದು ಚಿತ್ರಕ್ಕಿಂತ ಶುಚಿತ್ವದ ಕೆಲಸ.

ನಗರವನ್ನು ಸಿಂಗರಿಸುವ ಬದಲು ಪ್ರಶ್ನಿಸಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಕಲಾಶಾಲೆ ಕಾವಾದಲ್ಲಿ ಕಲಿತವರು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನೀರು ನಿಂತು ಕೊಳವಾಗಿತ್ತು. ಅಲ್ಲಿ ಅವರು 12 ಅಡಿಯ ಮೊಸಳೆಯೊಂದನ್ನು ತಂದಿಟ್ಟರು. ಪತ್ರಿಕೆಗಳಲ್ಲಿ ಫೋಟೊ ಬಂತು, ಗುಂಡಿ ಮುಚ್ಚಿತು. ಬಾಯಿ ತೆರೆದ ಮ್ಯಾನ್‌ಹೋಲ್ ಸುತ್ತ ಯಮನ ಮುಖ ಬರೆದದ್ದೂ ಇವರೇ. 2019ರಲ್ಲಿ ಇವರ ವಿಡಿಯೊಗಾಗಿ ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ಉಡುಪು ತೊಟ್ಟು ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ ತೇಲುವವರಂತೆ ನಡೆದರು. ಪಕ್ಕದಲ್ಲಿ ಆಟೊ ಹಾದುಹೋಗುವವರೆಗೂ ನೋಡುಗರಿಗೆ ಅದು ಚಂದ್ರನೇ. ಚಂದ್ರಯಾನ-2ರ ಮಾತು ಎಲ್ಲರ ಬಾಯಲ್ಲಿದ್ದ ಹೊತ್ತದು. ಅರ್ಜಿಗೆ ಅಲುಗದ ಕಚೇರಿ ನಗೆಗೆ ಅಲುಗಿತು. ಈ ನಗರದ ಬೀದಿ ಕಲೆಯಲ್ಲಿ ಇಷ್ಟು ಸ್ವಂತದ್ದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಡಿಸೈನರ್ ಎಂಬ ಹೊಸ ಪಾತ್ರ ಬಂದದ್ದು ಮೆಟ್ರೊ ಜೊತೆಗೆ. ಸೃಷ್ಟಿ ಕಲೆ-ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆಯಲ್ಲಿ ಮೊದಲು ಪೀಣ್ಯ, ನಂತರ ಕಬ್ಬನ್ ಪಾರ್ಕ್ ನಿಲ್ದಾಣಗಳಲ್ಲಿ ಕೆಲಸ ಮಾಡಿದರು. ಇಲ್ಲಿ ಚಿತ್ರಕ್ಕಿಂತ ಮೊದಲು ಜಾಗದ ಓದು: ಯಾರು ಓಡಾಡುತ್ತಾರೆ, ಕಣ್ಣು ಎಲ್ಲಿ ನಿಲ್ಲುತ್ತದೆ, ಕೈಗಾರಿಕಾ ಪ್ರದೇಶದ ನೆನಪೇನು. ಜಾಗದ ಬದಲು ಜನರಿಂದ ಶುರುಮಾಡಿದ್ದು ಪೂರ್ಣಿಮಾ ಸುಕುಮಾರ್ 2016ರಲ್ಲಿ ಕಟ್ಟಿದ ಅರವಾಣಿ ಆರ್ಟ್ ಪ್ರಾಜೆಕ್ಟ್. ಟ್ರಾನ್ಸ್ ಮಹಿಳೆಯರು ತಮ್ಮನ್ನು ದೂರವಿಟ್ಟ ಬೀದಿಗಳಲ್ಲೇ ಗೋಡೆಯೆದುರು ನಿಂತು ಬಣ್ಣ ಹಚ್ಚಿದರು. 2024ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲೂ ಅವರ ಗೋಡೆಚಿತ್ರವಿತ್ತು.

ಹೀಗೆ ಕಸುಬು ಬೆಳೆದಿದೆ, ಅದರ ಕರಾರು ಬೆಳೆದಿಲ್ಲ. ಕಾಲೇಜು ಮುಗಿಸಿ ಈ ಕ್ಷೇತ್ರಕ್ಕೆ ಇಳಿಯುವ ಯುವ ಡಿಸೈನರ್‌ಗೆ ಗೋಡೆ, ಎಮಲ್ಷನ್, ಸಾರುವೆ ಸಿಕ್ಕೀತು. ಮರುವರ್ಷ ಆ ಗೋಡೆಗೆ ಸುಣ್ಣ ಬಳಿದರೆ ಕೇಳುವವರಾರು? ದೆಹಲಿಯ ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತುಹಾಕಿದ ತಮ್ಮ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರ್‌ನಾಥ್ ಸೆಹಗಲ್ ಸರ್ಕಾರದ ವಿರುದ್ಧ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು, ಕೃತಿ ಮಾರಿದ ಮೇಲೂ ಅದರ ಮಾನಕ್ಕೆ ಕಲಾವಿದನ ಹಕ್ಕು ಉಳಿಯುತ್ತದೆಂದು ಹೇಳಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ತೀರ್ಪಿನ ಅರಿವು ಗೋಡೆಗಳ ಗುತ್ತಿಗೆಯಲ್ಲಿ ಕಾಣಬೇಕು. 2025ರಲ್ಲಿ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಮುಂದಿನ ಗೋಡೆಯನ್ನು ಒಪ್ಪಿಸುವಾಗ ಅವು ಮೂರು ಸಾಲು ಸೇರಿಸಲಿ: ಬರೆದವರ ಹೆಸರು, ಎಷ್ಟು ವರ್ಷದ ನಿರ್ವಹಣೆ, ಅಳಿಸುವ ಮೊದಲೊಂದು ನೋಟಿಸು.