ಮುಖ ಒಪ್ಪದ ಫೋನು: ಅರವತ್ತು ವರ್ಷಗಳ ತಕರಾರು

ಫೋನು ತನ್ನ ಯಜಮಾನರ ಮುಖವನ್ನೇ ಗುರುತಿಸದೆ ಲಾಕ್ ಆಗಿಯೇ ಕೂತಾಗ ಮೊಬೈಲ್ ಅಂಗಡಿಯಲ್ಲಿ ಕೇಳಿಬರುವ ಸಲಹೆಗಳು ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ. ಮುಂದಿನ ಕ್ಯಾಮೆರಾ ಒರೆಸಿ, ಬೆಳಕಿರುವ ಕಡೆ ಬನ್ನಿ, ಫೋನನ್ನು ಮುಖಕ್ಕೆ ನೇರವಾಗಿ ಹಿಡಿಯಿರಿ, ಕೂಲಿಂಗ್ ಗ್ಲಾಸ್ ತೆಗೆಯಿರಿ, ಯಾವುದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಹಳೆಯ ಮುಖವನ್ನು ಅಳಿಸಿ ಹೊಸದಾಗಿ ಸೇರಿಸಿ. ಈ ಸಲಹೆಗಳು ಯಾವುದೋ ಒಂದು ಮಾಡೆಲ್ಲಿನ ದೋಷಕ್ಕೆ ಹುಟ್ಟಿದ ಮದ್ದುಗಳೆಂದು ನಾವು ತಿಳಿಯುತ್ತೇವೆ. ಆದರೆ ಇವುಗಳ ಹಿಂದಿರುವ ತೊಡಕುಗಳು ಸ್ಮಾರ್ಟ್‌ಫೋನಿಗಿಂತ ದಶಕಗಳಷ್ಟು ಹಳೆಯವು. ಯಂತ್ರಕ್ಕೆ ಮುಖದ ಗುರುತು ಕಲಿಸಲು ಹೊರಟ ಮೊದಲ ದಿನಗಳಲ್ಲೇ ಅವು ಎದುರಾಗಿದ್ದವು. ಅಲ್ಲಿಂದ ಇಲ್ಲಿಯವರೆಗೆ ಕೆಲವು ಬಗೆಹರಿದಿವೆ. ಬಹಳಷ್ಟು ಜಾಗ ಬದಲಿಸಿವೆ, ಅಷ್ಟೇ. ಕಳ್ಳನಿಗೆ ಬಾಗಿಲು ಬಿಗಿ ಮಾಡಿದಾಗಲೆಲ್ಲ ಅದರ ತೊಂದರೆ ಒಂದಿಷ್ಟಾದರೂ ಯಜಮಾನರ ಪಾಲಿಗೆ ಬಂದಿದೆ.

1964-65ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಪನೋರಮಿಕ್ ರಿಸರ್ಚ್ ಎಂಬ ಪುಟ್ಟ ಸಂಸ್ಥೆಯಿತ್ತು. ಅಲ್ಲಿ ವುಡ್ರೋ ಬ್ಲೆಡ್ಸೋ, ಹೆಲೆನ್ ಚಾನ್ ಮತ್ತು ಚಾರ್ಲ್ಸ್ ಬಿಸನ್ ಮಾಡಿದ ಕೆಲಸದಿಂದ ಈ ಕಥೆ ಶುರುವಾಗುತ್ತದೆ. ಹಣ ಕೊಟ್ಟದ್ದು ಒಂದು ಗುಪ್ತಚರ ಸಂಸ್ಥೆ. ಹಾಗಾಗಿ ಆ ಕೆಲಸದ ಹೆಚ್ಚಿನ ಭಾಗ ಬಹಳ ಕಾಲ ಹೊರಬರಲಿಲ್ಲ. ಅಂದಿನ ಕಂಪ್ಯೂಟರಿಗೆ ಫೋಟೋದಲ್ಲಿ ಕಣ್ಣು ಎಲ್ಲಿದೆ, ಬಾಯಿ ಎಲ್ಲಿದೆ ಎಂದು ತಾನಾಗಿ ಹುಡುಕಲು ಬರುತ್ತಿರಲಿಲ್ಲ. ಒಬ್ಬರು ಕೂತು ಫೋಟೋದ ಮೇಲೆ ವಿದ್ಯುತ್ ಲೇಖನಿಯಿಂದ ಒಂದೊಂದೇ ಬಿಂದುವನ್ನು ಗುರುತು ಹಾಕಬೇಕಿತ್ತು: ಕಣ್ಣಪಾಪೆಯ ನಡು, ಕಣ್ಣಿನ ಒಳತುದಿ, ಹೊರತುದಿ, ಹಣೆಯ ಮೇಲೆ ಕೂದಲು ಚೂಪಾಗಿ ಇಳಿಯುವ ಜಾಗ. ಈ ಬಿಂದುಗಳಿಂದ ಬಾಯಗಲ, ಕಣ್ಣಗಲ, ಪಾಪೆಯಿಂದ ಪಾಪೆಗಿರುವ ದೂರ ಹೀಗೆ 20 ಅಳತೆಗಳನ್ನು ಯಂತ್ರ ಲೆಕ್ಕ ಹಾಕಿ ಇತರ ಫೋಟೋಗಳ ಅಳತೆಯೊಂದಿಗೆ ತಾಳೆ ನೋಡುತ್ತಿತ್ತು. ಕೈ ಪಳಗಿದವರು ಗಂಟೆಗೆ ಸುಮಾರು 40 ಫೋಟೋ ಮುಗಿಸುತ್ತಿದ್ದರು. ಕೆಲಸದ ಕಷ್ಟಗಳನ್ನು ಬ್ಲೆಡ್ಸೋ ಆಗಲೇ ಸ್ಪಷ್ಟವಾಗಿ ಬರೆದಿಟ್ಟರು: ತಲೆ ತಿರುಗುವುದು ಮತ್ತು ವಾಲುವುದು, ಬೆಳಕಿನ ಪ್ರಮಾಣ ಮತ್ತು ಅದು ಬೀಳುವ ಕೋನ, ಮುಖಭಾವ, ವಯಸ್ಸು. ಅಂಗಡಿಯವರ ಸಲಹೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ‘ನೇರವಾಗಿ ಹಿಡಿಯಿರಿ’ ಎನ್ನುವುದು ಮೊದಲನೆಯದಕ್ಕೆ, ‘ಬೆಳಕಿಗೆ ಬನ್ನಿ’ ಎನ್ನುವುದು ಎರಡನೆಯದಕ್ಕೆ, ‘ಮುಖ ಹೊಸದಾಗಿ ಸೇರಿಸಿ’ ಎನ್ನುವುದು ಕೊನೆಯದಕ್ಕೆ ಉತ್ತರ.

ದೇಹದ ಅಳತೆಯನ್ನು ನಂಬಿ ಕೆಟ್ಟ ಅನುಭವ ಅದಕ್ಕೂ ಮೊದಲು ನಮ್ಮ ದೇಶದಲ್ಲೇ ಆಗಿತ್ತು. ಪ್ಯಾರಿಸ್ಸಿನ ಬರ್ತಿಯೋ ರೂಪಿಸಿದ ಅಂಗಮಾಪನ ಪದ್ಧತಿಯನ್ನು ಬಂಗಾಳದ ಪೊಲೀಸರು 1890ರ ದಶಕದಲ್ಲಿ ಬಳಸುತ್ತಿದ್ದರು. ಒಬ್ಬನನ್ನೇ ಇಬ್ಬರು ಅಳೆದರೆ ಎರಡು ಅಳತೆ ಬರುತ್ತಿತ್ತು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ತೆರೆದಾಗ ಅಳತೆಯ ಪದ್ಧತಿ ಹಿಂದೆ ಸರಿಯಿತು. ಬೆರಳಿನ ಗೆರೆಗಳು ನಕ್ಕರೂ ಅತ್ತರೂ ಹಾಗೆಯೇ ಇರುತ್ತವೆ; ಮುಖ ಹಾಗಿರುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ವ್ಯತ್ಯಾಸ.

1970ರ ಒಸಾಕಾ ವಿಶ್ವಮೇಳದಲ್ಲಿ ಸಂಗ್ರಹವಾದ ಫೋಟೋಗಳನ್ನು ಬಳಸಿ ತಕೆಒ ಕನಾಡೆ ಕಣ್ಣು, ಮೂಗು, ಬಾಯಿಗಳನ್ನು ಯಂತ್ರವೇ ಹುಡುಕುವಂತೆ ಮಾಡಿದರು. ಕ್ಯೋಟೋ ವಿಶ್ವವಿದ್ಯಾಲಯದ ಅವರ ಪ್ರಬಂಧ 1973ರದ್ದು. ಅಲ್ಲಿಗೆ ಲೇಖನಿ ಹಿಡಿಯುವವರ ಕೆಲಸ ತಪ್ಪಿತು, ತೊಡಕು ತಪ್ಪಲಿಲ್ಲ. 1991ರಲ್ಲಿ ಎಂಐಟಿಯ ಮ್ಯಾಥ್ಯೂ ಟರ್ಕ್ ಮತ್ತು ಅಲೆಕ್ಸ್ ಪೆಂಟ್‌ಲ್ಯಾಂಡ್ ಮುಖದ ಒಟ್ಟು ಚಿತ್ರವನ್ನೇ ಗಣಿತಕ್ಕೆ ಒಳಪಡಿಸಿದ ಹೊಸ ವಿಧಾನವನ್ನು ಮುಂದಿಟ್ಟರು. 16 ಜನರ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ಬೆಳಕು ಬದಲಾದರೆ ಸರಿಯುತ್ತರ ಶೇ. 96, ತಲೆ ವಾಲಿದರೆ ಶೇ. 85, ಮುಖದ ಗಾತ್ರ ಹಿರಿದು ಕಿರಿದಾದರೆ ಶೇ. 64 ಬಂತು. ಫೋನನ್ನು ತೀರ ಹತ್ತಿರ ಅಥವಾ ತೀರ ದೂರ ಹಿಡಿಯಬೇಡಿ ಎಂಬ ಮಾತಿನ ಹಿಂದಿರುವುದು ಈ ಕೊನೆಯ ಅಂಕಿ ತೋರಿಸುವ ತೊಡಕೇ. ಬೆಳಕಿನ ವಿಷಯದಲ್ಲಿ ಆ ಶೇ. 96 ಆಶೆ ಹುಟ್ಟಿಸುವಂತಿತ್ತು. ಆದರೆ 1997ರಲ್ಲಿ ಯಾಯೆಲ್ ಅದಿನಿ, ಯಾಯೆಲ್ ಮೋಸೆಸ್ ಮತ್ತು ಶಿಮೋನ್ ಉಲ್ಮನ್ ಪ್ರಕಟಿಸಿದ ಅಧ್ಯಯನ ಕಷ್ಟದ ಆಳವನ್ನು ತೋರಿಸಿತು. ಕಿಟಕಿಯ ಪಕ್ಕ ಕೂತಾಗ ತೆಗೆದ ನನ್ನ ಚಿತ್ರಕ್ಕೂ ದೀಪದ ಕೆಳಗೆ ತೆಗೆದ ನನ್ನದೇ ಚಿತ್ರಕ್ಕೂ ಇರುವ ಅಂತರವು, ಒಂದೇ ಬೆಳಕಿನಲ್ಲಿ ತೆಗೆದ ನನ್ನ ಮತ್ತು ನಿಮ್ಮ ಚಿತ್ರಗಳ ಅಂತರಕ್ಕಿಂತ ಹೆಚ್ಚಿರಬಹುದು ಎಂಬುದು ಅದರ ಸಾರ. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಸಂಗತಿ ಇದೇ. ಅಂಕಿಗಳ ಕಣ್ಣಿಗೆ ನೆರಳು ಅಂದರೆ ಬೇರೆಯೇ ಮನುಷ್ಯ.

ಕತ್ತಲಲ್ಲೂ ಅಮ್ಮನ ಮುಖ ನಮಗೆ ಗೊತ್ತಾಗುತ್ತದಲ್ಲ, ಇಷ್ಟು ಬೆಲೆಯ ಯಂತ್ರಕ್ಕೆ ಯಾಕಾಗದು ಎಂದು ಕೇಳಬಹುದು. ಅಮ್ಮನ ಮುಖವನ್ನು ನಾವು ಸಾವಿರಾರು ಬೆಳಕುಗಳಲ್ಲಿ, ಸಿಟ್ಟಿನಲ್ಲಿ, ನಿದ್ದೆಗಣ್ಣಿನಲ್ಲಿ ಕಂಡಿರುತ್ತೇವೆ. ಗುರುತಿಲ್ಲದ ಇಬ್ಬರ ಫೋಟೋ ಕೊಟ್ಟು ಒಬ್ಬರೇನಾ ಬೇರೆಯವರಾ ಎಂದು ಕೇಳಿದರೆ ಮನುಷ್ಯರೂ ಎಡವುತ್ತಾರೆ. ಪಾಸ್‌ಪೋರ್ಟ್ ಪರೀಕ್ಷಿಸುವುದನ್ನೇ ಕಸುಬು ಮಾಡಿಕೊಂಡವರೂ ಇದಕ್ಕೆ ಹೊರತಲ್ಲ ಎಂದು ಪ್ರಯೋಗಗಳು ತೋರಿಸಿವೆ. ಫೋನಿಗೆ ಸಿಕ್ಕಿರುವುದೋ, ಹೊಸದಾಗಿ ಕೊಂಡ ದಿನ ಕೆಲವೇ ಸೆಕೆಂಡು ಮುಖ ತೋರಿಸಿದ ಪರಿಚಯ.

ಈ ವಿದ್ಯೆ ಆಂಡ್ರಾಯ್ಡ್ ಫೋನಿನೊಳಗೆ ಬಂದ ದಿನವೇ ಕೈಕೊಟ್ಟಿತು. 2011ರ ಅಕ್ಟೋಬರ್ 19ರಂದು ಹಾಂಗ್‌ಕಾಂಗ್‌ನಲ್ಲಿ ಆಂಡ್ರಾಯ್ಡ್ 4.0 ಬಿಡುಗಡೆ ಮಾಡುವಾಗ ಗೂಗಲ್‌ನ ಮಟಿಯಾಸ್ ದುವಾರ್ತೆ ವೇದಿಕೆಯ ಮೇಲೆ ಮುಖ ತೋರಿಸಿದರೆ ಫೋನು ಒಪ್ಪಲಿಲ್ಲ. ಕೆಲವೇ ವಾರಗಳಲ್ಲಿ ಅದರ ಇನ್ನೊಂದು ದೌರ್ಬಲ್ಯ ಬಯಲಾಯಿತು: ಯಜಮಾನರ ಫೋಟೋ ತೋರಿಸಿದರೆ ಅದಕ್ಕೂ ತೆರೆದುಕೊಳ್ಳುತ್ತಿತ್ತು. ಮರುವರ್ಷ ‘ಕಣ್ಣು ಮಿಟುಕಿಸಿ’ ಎಂಬ ಹೊಸ ಷರತ್ತು ಸೇರಿತು. ಸರಿಯಾದವರನ್ನು ಹೊರಗಿಡುವುದು ಒಂದು ತಪ್ಪು, ಬೇರೆಯವರನ್ನು ಒಳಬಿಡುವುದು ಇನ್ನೊಂದು. ತಾಳೆಯ ಮಟ್ಟವನ್ನು ಸಡಿಲಿಸಿದರೆ ಎರಡನೆಯದು ಹೆಚ್ಚುತ್ತದೆ, ಬಿಗಿ ಮಾಡಿದರೆ ಮೊದಲನೆಯದು. ಒಂದೇ ಕ್ಯಾಮೆರಾ, ಒಂದೇ ವಿಧಾನ ಇರುವವರೆಗೆ ಎರಡನ್ನೂ ಒಟ್ಟಿಗೆ ಇಳಿಸಲು ಬರುವುದಿಲ್ಲ.

ಹಾಗಾಗಿ 2017ರಲ್ಲಿ ಆಪಲ್ ವಿಧಾನವನ್ನೇ ಬದಲಿಸಿತು. ಐಫೋನ್ 10 ಮುಖದ ಮೇಲೆ 30,000ಕ್ಕೂ ಹೆಚ್ಚು ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ ಉಬ್ಬುತಗ್ಗುಗಳನ್ನು ಅಳೆಯುತ್ತದೆ. ಬೇಕಾದ ಬೆಳಕನ್ನು ತಾನೇ ತರುವುದರಿಂದ ಕತ್ತಲ ಕೋಣೆಯಲ್ಲೂ ನಡೆಯುತ್ತದೆ, ಸಾದಾ ಫೋಟೋಗೆ ಮೋಸಹೋಗುವುದಿಲ್ಲ. ಅಪರಿಚಿತರೊಬ್ಬರ ಮುಖಕ್ಕೆ ತೆರೆದುಕೊಳ್ಳುವ ಸಂಭವ 10 ಲಕ್ಷದಲ್ಲಿ ಒಂದು ಎಂದು ಕಂಪನಿ ಹೇಳಿತು; ಅವಳಿಗಳು ಮತ್ತು 13 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಆ ಲೆಕ್ಕ ನಡೆಯದು ಎಂದೂ ಸೇರಿಸಿತು. ಆದರೂ ಸೆಪ್ಟೆಂಬರ್ 12ರ ಬಿಡುಗಡೆಯಲ್ಲಿ ಕಂಪನಿಯ ಕ್ರೇಗ್ ಫೆಡರಿಗಿಯವರ ಕೈಯಲ್ಲಿದ್ದ ಫೋನು ಪಾಸ್‌ಕೋಡ್ ಕೇಳಿತು. ವೇದಿಕೆಗೆ ತರುವ ಮುನ್ನ ಬೇರೆಯವರು ಅದನ್ನು ಎತ್ತಿ ಇಳಿಸಿದ್ದರು, ಅವರ ಮುಖಗಳನ್ನೆಲ್ಲ ತಾಳೆ ನೋಡಿ ಸೋತು ಫೋನು ಪಾಸ್‌ಕೋಡ್ ಕೇಳುವ ಸ್ಥಿತಿಗೆ ಹೋಗಿತ್ತು ಎಂಬುದು ಕಂಪನಿಯ ವಿವರಣೆ. ಅಂದರೆ ಜನ ಕೆಟ್ಟುಹೋಯಿತು ಎಂದುಕೊಂಡದ್ದು ಕಾವಲಿನ ನಿಯಮವೇ. ಮೇಜಿನ ಮೇಲಿಟ್ಟ ಫೋನನ್ನು ಮನೆಯವರು ಆಗಾಗ ಎತ್ತಿ ನೋಡಿದರೆ ಇವತ್ತೂ ಹೀಗೇ ಆಗಬಹುದು.

ಹೊಸ ವಿಧಾನದೊಂದಿಗೆ ಹೊಸ ತೊಡಕುಗಳೂ ಬಂದವು. ಕೆಲವು ಕೂಲಿಂಗ್ ಗ್ಲಾಸ್‌ಗಳು ಇನ್‌ಫ್ರಾರೆಡ್ ಕಿರಣವನ್ನು ತಡೆಯುತ್ತವೆ. ಕಣ್ಣಿಗೆ ತಿಳಿಯಾಗಿ ಕಾಣುವ ಗಾಜು ಫೋನಿಗೆ ಗೋಡೆಯಾಗಬಹುದು. ಮುಖ ಅಳೆಯುವ ಬಿಡಿಭಾಗ ಆಯಾ ಫೋನಿಗೇ ಕಟ್ಟುಬಿದ್ದಿದ್ದರಿಂದ ರಿಪೇರಿಯವರು ಇನ್ನೊಂದು ಫೋನಿನದ್ದನ್ನು ತಂದು ಕೂರಿಸಿದರೆ ಬಹಳ ಕಾಲ ನಡೆಯುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚು ಜನರ ಕೈಯಲ್ಲಿರುವ ಕಡಿಮೆ ಬೆಲೆಯ ಫೋನುಗಳಲ್ಲಿ ಈ ವ್ಯವಸ್ಥೆಯೇ ಇಲ್ಲ, ಬರಿಯ ಸೆಲ್ಫಿ ಕ್ಯಾಮೆರಾ ಇದೆ. ಅವಕ್ಕೆ ಬ್ಲೆಡ್ಸೋ ಬರೆದ ಕಷ್ಟಗಳು ಈಗಲೂ ಹಾಗೇ ಅನ್ವಯಿಸುತ್ತವೆ. ಇಂಥ ಫೋನುಗಳಲ್ಲಿ ಮುಖ ಸೇರಿಸುವಾಗ, ಇದು ಪಿನ್‌ನಷ್ಟು ಭದ್ರವಲ್ಲ, ನಿಮ್ಮನ್ನು ಹೋಲುವವರಿಗೂ ತೆರೆಯಬಹುದು ಎಂದು ಬರುವ ಎಚ್ಚರಿಕೆಯನ್ನು ಓದದೆ ಮುಂದೆ ಒತ್ತುವವರೇ ಹೆಚ್ಚು.

2020ರಲ್ಲಿ ಯಾರ ಪಟ್ಟಿಯಲ್ಲೂ ದೊಡ್ಡದಾಗಿ ಇರದಿದ್ದ ಅಡ್ಡಿ ಬಂತು: ಮಾಸ್ಕ್. ಕೋವಿಡ್‌ಗೆ ಮುನ್ನ ರೂಪುಗೊಂಡ ಪ್ರೋಗ್ರಾಮುಗಳು ಮಾಸ್ಕ್ ಹಾಕಿದ ಮುಖಗಳಲ್ಲಿ ಶೇ. 5ರಿಂದ 50ರಷ್ಟು ತಪ್ಪುತ್ತವೆ ಎಂದು ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಆ ಜುಲೈನಲ್ಲಿ ವರದಿ ಮಾಡಿತು. ಐಫೋನಿನಲ್ಲಿ ಬರಿಯ ಕಣ್ಣಿನ ಸುತ್ತಣ ಭಾಗ ನೋಡಿ ಲಾಕ್ ತೆರೆಯುವ ಸೌಲಭ್ಯ ಬರುವಾಗ 2022ರ ಮಾರ್ಚ್ ಆಗಿತ್ತು.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಎಲ್ಲ ತಪ್ಪನ್ನೂ ಬೆಳಕು, ಕೋನಗಳ ಮೇಲೆ ಹೊರಿಸಿದರೆ ಮಾಡಿದವರ ಹೊಣೆ ಏನು? ಇದನ್ನು ಒಪ್ಪಲೇಬೇಕು. ಎನ್‌ಐಎಸ್‌ಟಿ 2019ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅನೇಕ ಪ್ರೋಗ್ರಾಮುಗಳು ಏಷ್ಯಾ ಮತ್ತು ಆಫ್ರಿಕಾ ಮೂಲದವರನ್ನು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಾಗಿ ಒಬ್ಬರಿಗೊಬ್ಬರು ಅದಲುಬದಲು ಮಾಡಿದವು. ಏಷ್ಯಾದಲ್ಲೇ ತಯಾರಾದ ಕೆಲವು ಪ್ರೋಗ್ರಾಮುಗಳಲ್ಲಿ ಪೂರ್ವ ಏಷ್ಯಾದವರ ವಿಷಯದಲ್ಲಿ ಆ ಅಂತರ ಕಾಣಲಿಲ್ಲ. ಅಂದರೆ ಯಾರ ಮುಖಗಳನ್ನು ತೋರಿಸಿ ಕಲಿಸಿದರು ಎಂಬುದೂ ಫಲಿತಾಂಶವನ್ನು ತಿರುಗಿಸುವಂತಿದೆ. ಕಪ್ಪು ಮೈಬಣ್ಣದವರಿಗೆ ಮಂದ ಬೆಳಕಿನಲ್ಲಿ ಫೋನು ಹೆಚ್ಚು ಸತಾಯಿಸಿದರೆ ‘ಬೆಳಕಿಗೆ ಬನ್ನಿ’ ಎನ್ನುವುದು ಉತ್ತರವಲ್ಲ; ಆ ಮುಖಗಳ ಮೇಲೆ, ಆ ಬೆಳಕಿನಲ್ಲಿ ಪರೀಕ್ಷಿಸಿದ ನಂತರವೇ ಮಾರಬೇಕಿತ್ತು.

ಉಳಿದದ್ದು ವಯಸ್ಸು, ಗಡ್ಡ, ಕಾಯಿಲೆಯಿಂದ ಇಳಿದ ಕೆನ್ನೆ. ಇದಕ್ಕೆ ಹಳೆಯ ಮುಖ ಅಳಿಸಿ ಹೊಸದು ಸೇರಿಸುವುದೊಂದೇ ದಾರಿಯಲ್ಲ. ಐಫೋನಿನಲ್ಲಿ ಮುಖ ತಾಳೆಯಾಗುವುದು ಸ್ವಲ್ಪದರಲ್ಲಿ ತಪ್ಪಿ, ಕೂಡಲೇ ಸರಿಯಾದ ಪಾಸ್‌ಕೋಡ್ ಒತ್ತಿದರೆ ಫೋನು ಆ ಕ್ಷಣದ ಮುಖವನ್ನು ಮತ್ತೊಮ್ಮೆ ನೋಡಿ ತನ್ನ ದಾಖಲೆಗೆ ಸೇರಿಸಿಕೊಳ್ಳಬಹುದು. ಫೋನು ಒಪ್ಪಲಿಲ್ಲವೆಂದು ಸಿಟ್ಟಿನಲ್ಲಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಆ ಅವಕಾಶ ತಪ್ಪುತ್ತದೆ. ಹೊಸದಾಗಿ ಆನ್ ಆದ ಫೋನು ಮುಖವನ್ನು ನೋಡುವ ಮೊದಲು ಪಾಸ್‌ಕೋಡನ್ನೇ ಕೇಳುತ್ತದೆ.