ಗೋಷಾ ಪದ್ಧತಿ ಮತ್ತು ಮತಾಧಿಕಾರ: ಕಲಬುರ್ಗಿ ಸೀಮೆಯ ಮುಸ್ಲಿಂ ಸ್ತ್ರೀಯರ ವಿಷಯವಾಗಿ ಒಂದು ವಿವೇಚನೆ

ಸ್ತ್ರೀಯರ ಮತಾಧಿಕಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಮೊದಲು ಪುರುಷರಿಗೆ ಹಕ್ಕು ದೊರೆಯುತ್ತದೆ. ಬಳಿಕ ಸ್ತ್ರೀಯರು ಅದಕ್ಕಾಗಿ ಹೋರಾಡುತ್ತಾರೆ. ಕಡೆಗೆ ಪುರುಷರು ಒಲ್ಲದ ಮನಸ್ಸಿನಿಂದ ಒಪ್ಪುತ್ತಾರೆ. ಇಂಗ್ಲೆಂಡಿನ ಚರಿತ್ರೆಗೆ ಈ ಕ್ರಮ ಸರಿಹೋಗುತ್ತದೆ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಿಗೂ ವಾಡಿ, ಶಹಾಬಾದ್‌ಗಳಂಥ ರೈಲುದಾರಿಯ ಊರುಗಳಿಗೂ ಅದು ಹೊಂದುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಇಲ್ಲಿಯ ಸಾಮಾನ್ಯ ಪುರುಷನೂ ಗೋಷೆಯೊಳಗಿನ ಸ್ತ್ರೀಯೂ ಮತದಾರರಾದದ್ದು ಒಟ್ಟಿಗೇ.

ಇದಕ್ಕೆ ಕಾರಣವನ್ನು ನಿಜಾಮರ ರಾಜ್ಯದ ಸ್ವರೂಪದಲ್ಲಿಯೇ ಹುಡುಕಬೇಕು. ಮದರಾಸು, ಮುಂಬಯಿ ಪ್ರಾಂತಗಳಲ್ಲಿ 1921ರಲ್ಲಿಯೇ ಆಸ್ತಿಯುಳ್ಳ ಸ್ತ್ರೀಯರಿಗೆ ಮತದಾನದ ಬಾಗಿಲು ತೆರೆದಿತ್ತು. ಮೈಸೂರು ಸಂಸ್ಥಾನ 1923ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಹೀಗೆ ಭೀಮೆಯ ಆಚೆ ದಡದ ವಿಜಾಪುರದಲ್ಲಿ ಕಂದಾಯ ಕಟ್ಟುವ ವಿಧವೆಯೊಬ್ಬಳಿಗೆ ಇರಬಹುದಾಗಿದ್ದ ಹಕ್ಕು, ಈಚೆ ದಡದ ಚಿತ್ತಾಪುರದಲ್ಲಿ ಸಾಮಾನ್ಯ ರೈತನಿಗೂ ಇರಲಿಲ್ಲ. 1939ರಲ್ಲಿ ಘೋಷಿತವಾದ ಹೈದರಾಬಾದಿನ ಸುಧಾರಣೆಗಳಾದರೂ ಪ್ರಾತಿನಿಧ್ಯವನ್ನು ಜಾಗೀರುದಾರರು, ಪಟ್ಟೇದಾರರು, ವಕೀಲರು, ವರ್ತಕರು, ಪದವೀಧರರು ಎಂದು ವೃತ್ತಿ ಹಾಗೂ ಹಿತಗಳ ಮೇರೆಗೆ ಹಂಚಿದವು. ಆ ಯೋಜನೆಯಂತೆ 1946ರಲ್ಲಿ ನಡೆದ ಚುನಾವಣೆಯನ್ನು ಸ್ಟೇಟ್ ಕಾಂಗ್ರೆಸ್ ಬಹಿಷ್ಕರಿಸಿತು. ಮತವೆಂಬುದು ಹಳ್ಳಿಯ ಜನಕ್ಕೆ ಆಗಲೂ ಅಪರಿಚಿತ ವಸ್ತುವೇ.

ವಿಚಿತ್ರವೆಂದರೆ, ಅಖಿಲ ಭಾರತದ ಪರವಾಗಿ ಸ್ತ್ರೀ ಮತಾಧಿಕಾರವನ್ನು ಬೇಡಿದಾಕೆ ಹೈದರಾಬಾದಿನ ಮಗಳೇ. 1917ರಲ್ಲಿ ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡ ಸ್ತ್ರೀ ನಿಯೋಗದ ನಾಯಕಿ ಸರೋಜಿನಿ ನಾಯಿಡು. ಆ ನಿಯೋಗದಲ್ಲಿ ಬೇಗಂ ಹಸರತ್ ಮೊಹಾನಿಯವರೂ ಇದ್ದರು. ಇದಕ್ಕೆ ಸೌತ್‌ಬರೋ ಸಮಿತಿ 1919ರಲ್ಲಿ ಕೊಟ್ಟ ಉತ್ತರ, ಸ್ತ್ರೀಯರನ್ನು ಮರೆಯಲ್ಲಿರಿಸುವ ಪದ್ಧತಿ ಸಡಿಲವಾಗುವವರೆಗೆ ಅವರ ಮತಾಧಿಕಾರ ಹೆಸರಿಗಷ್ಟೇ ಉಳಿದೀತು ಎಂಬುದು. ಹೈದರಾಬಾದ್ ನಗರದಲ್ಲಿ ಸುಘ್ರಾ ಹುಮಾಯೂನ್ ಮಿರ್ಜಾ ಅವರು ಪತ್ರಿಕೆ ನಡೆಸಿ, ಬಾಲಿಕೆಯರಿಗೆ ಶಾಲೆ ತೆರೆದು ಆ ಪದ್ಧತಿಯನ್ನು ಒಳಗಿನಿಂದಲೇ ಸಡಿಲಿಸಲು ಯತ್ನಿಸಿದ್ದುಂಟು. ಆದರೆ ಅದು ರಾಜಧಾನಿಯ ಕುಲೀನ ಮನೆಗಳ ಮಾತು. ಕಾಗಿಣಾ ತೀರದ ಊರುಗಳ ಮಾತು ಬೇರೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ‘ಮುಸ್ಲಿಂ ಸಮಾಜ ಸಂಪ್ರದಾಯನಿಷ್ಠ’ ಎಂದೊಡನೆ ಗೋಷೆಯನ್ನು ಎಲ್ಲರಿಗೂ ಹೊದಿಸಿಬಿಡುವುದು ನಮ್ಮ ಬರಹಗಾರರ ರೂಢಿ. ಗೋಷಾ ಪದ್ಧತಿಗೆ ಅನುಕೂಲಸ್ಥ ಮನೆತನ ಬೇಕು: ಒಳ ಅಂಗಳವಿರುವ ಮನೆ, ನೀರು ತರಲು ಆಳು, ಹೊರಡುವಾಗ ಪರದೆ ಕಟ್ಟಿದ ಬಂಡಿ. ಜಾಗೀರುದಾರರಿಗೂ ಸರಕಾರಿ ನೌಕರರಿಗೂ ಇದು ಸಾಧ್ಯವಿತ್ತು. ಹತ್ತಿಯನ್ನು ಹಿಂಜುವ ಪಿಂಜಾರರ ಮನೆಯಾಕೆಗಾಗಲಿ, ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವನ ಹೆಂಡತಿಗಾಗಲಿ ಅದು ಎಲ್ಲಿಂದ ಬರಬೇಕು? ಆಕೆ ಬಾವಿಗೂ ಹೊಲಕ್ಕೂ ಸಂತೆಗೂ ನಡೆದುಹೋಗುವವಳು. ಮತಗಟ್ಟೆಯ ದಾರಿ ಅವಳಿಗೆ ಹೊಸದಾಗಿರಬಹುದು, ನಾಚಿಕೆಯದಾಗಿರಲಾರದು. ಸಮಿತಿಗಳು ಮೇಲಿನ ಸ್ತರವನ್ನು ನೋಡಿ ಇಡೀ ಸಮುದಾಯದ ವಿಷಯದಲ್ಲಿ ತೀರ್ಪು ಕೊಟ್ಟವು.

ಹಕ್ಕು ಬಂದ ಕಾಲವೂ ಸಾಮಾನ್ಯ ಕಾಲವಲ್ಲ. 1947-48ರಲ್ಲಿ ರಜಾಕಾರರ ಹಾವಳಿಯಿಂದ ಈ ಸೀಮೆ ತತ್ತರಿಸಿತ್ತು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ಬೆನ್ನಿಗೇ ಮುಸ್ಲಿಂ ಮನೆಗಳ ಮೇಲೆ ಸೇಡು ಎರಗಿತು. ಪಂಡಿತ ಸುಂದರಲಾಲರ ನೇತೃತ್ವದ ಸಮಿತಿ ಅತಿಯಾಗಿ ನೊಂದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಉಸ್ಮಾನಾಬಾದ್, ಬೀದರ್, ನಾಂದೇಡಗಳ ಜೊತೆಗೆ ಕಲಬುರ್ಗಿಯೂ ಸೇರಿದೆ. ಈ ನಾಲ್ಕರಲ್ಲಿಯೇ ಸತ್ತವರ ಸಂಖ್ಯೆ 18,000ಕ್ಕೆ ಕಡಮೆಯಿಲ್ಲವೆಂದು ಆ ಸಮಿತಿ ಅಂದಾಜು ಮಾಡಿತು. ಆ ವರದಿ ಬಹುಕಾಲ ಬೆಳಕು ಕಾಣಲಿಲ್ಲ. ಮತದಾರರ ಪಟ್ಟಿ ತಯಾರಾದದ್ದು ಇದಾದ ಎರಡು-ಮೂರು ವರ್ಷಗಳೊಳಗೆ. ಬಾಗಿಲು ತಟ್ಟಿ ‘ಈ ಮನೆಯಲ್ಲಿ ಯಾರು ಯಾರಿದ್ದಾರೆ?’ ಎಂದು ಸರಕಾರದ ಕಡೆಯವನೊಬ್ಬ ಕೇಳಿದಾಗ, ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಯಲ್ಲಿ ಆ ಪ್ರಶ್ನೆ ಯಾವ ಧ್ವನಿಯಲ್ಲಿ ಕೇಳಿಸಿರಬೇಕು! ಗೋಷೆಗಿಂತ ಈ ಭಯವೇ ದೊಡ್ಡ ಅಡ್ಡಿಯೆಂದು ನಾವು ಭಾವಿಸುತ್ತೇವೆ.

ಇನ್ನು ಹೆಸರಿನ ಸಮಸ್ಯೆ. ಸಂವಿಧಾನದ 325 ಮತ್ತು 326ನೆಯ ವಿಧಿಗಳು ಲಿಂಗಭೇದವಿಲ್ಲದೆ ಇಪ್ಪತ್ತೊಂದು ವರ್ಷ ತುಂಬಿದವರೆಲ್ಲರಿಗೂ ಮತವನ್ನು ಕೊಟ್ಟವು. (ಆ ಸಂವಿಧಾನ ಸಭೆಯಲ್ಲಿ ಹೈದರಾಬಾದಿನ ಪ್ರತಿನಿಧಿಗಳೇ ಇರಲಿಲ್ಲ, ಅಲ್ಲಿದ್ದ ಏಕೈಕ ಮುಸ್ಲಿಂ ಸ್ತ್ರೀ ಸಂಯುಕ್ತ ಪ್ರಾಂತದ ಬೇಗಂ ಐಜಾಜ್ ರಸೂಲ್.) ವಿಧಿ ಕೊಟ್ಟದ್ದನ್ನು ಪಟ್ಟಿ ಕಳೆಯಬಹುದಿತ್ತು. ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಹತ್ತಿರಹತ್ತಿರ 28 ಲಕ್ಷ ಮಂದಿ ಸ್ವಂತ ಹೆಸರನ್ನು ಹೇಳದೆ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಯಿಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇಂಥ ನಮೂದುಗಳನ್ನು ಪಟ್ಟಿಯಿಂದ ತೆಗೆಸಿದರು. ಇವುಗಳಲ್ಲಿ ಬಹುಪಾಲು ಬಿಹಾರ, ಉತ್ತರ ಪ್ರದೇಶ, ಮಧ್ಯ ಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶಗಳವು. ಗೋಷೆಗೆ ಹೆಸರಾದ ಹೈದರಾಬಾದ್ ಆ ಸಾಲಿನಲ್ಲಿ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹೆಸರು ಹೇಳದಿರುವುದು ಮುಸಲ್ಮಾನರಿಗಷ್ಟೇ ಸೇರಿದ ಸಂಕೋಚವೂ ಅಲ್ಲ. ನಮ್ಮ ಸೀಮೆಯ ಹಿಂದೂ ಗೃಹಿಣಿ ಗಂಡನ ಹೆಸರನ್ನು ಒಡಪಿನಲ್ಲಿ ಹೊರತು ಬಾಯಲ್ಲಿ ತರಲಾರಳು. ಪಟ್ಟಿಗೋ ಅವಳ ಹೆಸರೂ ಬೇಕು, ಗಂಡನ ಹೆಸರೂ ಬೇಕು. ಓಣಿಯ ಪಟವಾರಿಯ ಮುಂದೆ ಬುರ್ಖಾದವಳೂ ಸೆರಗಿನವಳೂ ಒಂದೇ ಕಷ್ಟಕ್ಕೆ ಸಿಕ್ಕಿದ್ದರು.

1951-52ರ ಮತದಾನದ ವಿಧಾನ ಮಾತ್ರ, ಯಾರೂ ಹಾಗೆಂದು ಉದ್ದೇಶಿಸದಿದ್ದರೂ, ಇಂಥ ಸ್ತ್ರೀಯರಿಗೆ ಅನುಕೂಲವಾಯಿತು. ಆಗ ಮತಪತ್ರದ ಮೇಲೆ ಗುರುತು ಹಾಕಬೇಕಾಗಿರಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಪೆಟ್ಟಿಗೆ. ಮರೆಯೊಳಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರೆ ಆಯಿತು. ಓದು ಬರಹ ಬೇಡ, ಮಾತು ಬೇಡ, ಒಳಗೆ ಗಂಡನೂ ಇಲ್ಲ. ಪರದೆಯಿಂದಾಗಿ ಮತ ಅಸಾಧ್ಯವೆಂದು ಸಮಿತಿ ಹೇಳಿತ್ತು. ಮತಗಟ್ಟೆಯೇ ಒಂದು ಪರದೆಯನ್ನು ಕಟ್ಟಿತು. ಬೆರಳಿಗೆ ಶಾಯಿ ಹಚ್ಚುವಾಗ ಕೈಯಷ್ಟೇ ಹೊರಗೆ ಬಂದರೆ ಸಾಕಿತ್ತು. ಮುಂದೆ 1961ರ ಚುನಾವಣಾ ನಿಯಮಗಳು ಪುರುಷರನ್ನೂ ಸ್ತ್ರೀಯರನ್ನೂ ಬೇರೆ ಬೇರೆ ತಂಡಗಳಾಗಿ ಸರದಿಯಂತೆ ಒಳಗೆ ಬಿಡುವುದಕ್ಕೂ ಸ್ತ್ರೀ ಸಹಾಯಕಿಯನ್ನು ನೇಮಿಸುವುದಕ್ಕೂ ಅವಕಾಶ ಕೊಟ್ಟವು.

ಅದೇ ಚುನಾವಣೆಯಲ್ಲಿ ಹೈದರಾಬಾದ್ ನಗರದ ಶಾಲಿಬಂಡಾ ಕ್ಷೇತ್ರದಿಂದ ಮಾಸೂಮಾ ಬೇಗಂ ಶಾಸನ ಸಭೆಗೆ ಆಯ್ಕೆಯಾದರು. ಮುಂದೆ ಆಂಧ್ರ ಪ್ರದೇಶದಲ್ಲಿ ಮಂತ್ರಿಣಿಯೂ ಆದರು. ಕಲಬುರ್ಗಿಯ ಮುಸ್ಲಿಂ ಸ್ತ್ರೀಯೊಬ್ಬರು ಕಲಬುರ್ಗಿ ಉತ್ತರ ಕ್ಷೇತ್ರದಿಂದ ಶಾಸಕಿಯಾದದ್ದು 2018ರಲ್ಲಿ, ಕನೀಜ್ ಫಾತಿಮಾ ಅವರು ಗೆದ್ದಾಗ. ಮತ ಹಾಕುವ ಹಕ್ಕಿಗೂ ಮತ ಕೇಳುವ ಹಕ್ಕಿಗೂ ನಡುವೆ ಈ ಊರುಗಳ ಆಸುಪಾಸಿನಲ್ಲಿ ಎಷ್ಟು ಅಂತರವಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

1952ರಲ್ಲಿ ಮೊದಲ ಸಲ ಚೀಟಿ ಹಾಕಿದ ಸ್ತ್ರೀಯರಲ್ಲಿ ಅತಿ ಕಿರಿಯರಿಗೂ ಈಗ ತೊಂಬತ್ತು ದಾಟಿದೆ. ಸೇಡಂ, ಚಿಂಚೋಳಿಗಳ ಕಾಲೇಜುಗಳ ವಿದ್ಯಾರ್ಥಿಗಳು, ಅದರಲ್ಲಿಯೂ ದಖನಿ ಉರ್ದು ಬಲ್ಲ ವಿದ್ಯಾರ್ಥಿನಿಯರು, ಅಂಥ ಅಜ್ಜಿಯರಿರುವ ಮನೆಗಳಿಗೆ ಹೋಗಿ ಅವರು ಹೇಳುವುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಈ ಕೆಲಸ ಇನ್ನೊಂದು ವರ್ಷಕ್ಕೆ ಕಾಯುವಂಥದಲ್ಲ.